ಸುಟ್ಟು ಉಳಿಸಿದ್ದು

ಕಣ್ಣ ಮುಂದೆ ಹಾದುಹೋಗುವುದನ್ನು ಹಿಡಿದು ನಿಲ್ಲಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದ್ದಲ್ಲ. ನಮ್ಮ ನಾಡಿನ ಹಳ್ಳಿಗಳ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಒಬ್ಬ ಸಾಮಾನ್ಯನ ಕೊನೆಯ ಹೋರಾಟವನ್ನು ಅವನ ಊರಿನವರು ಕಲ್ಲಿನಲ್ಲಿ ಕಡೆಸಿ ನಿಲ್ಲಿಸಿದರು. ಆ ಕಲ್ಲಿನಲ್ಲಿ ಕತ್ತಿ ಎತ್ತಿದ ಕೈ ನೂರಾರು ವರ್ಷಗಳಿಂದ ಎತ್ತಿದಂತೆಯೇ ಇದೆ. ಕಾಲಾಂತರದಲ್ಲಿ ಛಾಯಾಚಿತ್ರ ಬಂದಿತು. ಅದು ಅಗಲಿದವರ ಮುಖವನ್ನು ಉಳಿಸಿಕೊಟ್ಟಿತು. ಗ್ರಾಮಫೋನು ಬಂದಿತು, ಅದು ದನಿಯನ್ನು ಉಳಿಸಿಕೊಟ್ಟಿತು. ಆದರೆ ಮುಖ, ದನಿ, ನಡಿಗೆ ಈ ಮೂರನ್ನೂ ಒಟ್ಟಿಗೆ ಹಿಡಿಯಬಲ್ಲ ಸಾಧನವು ಸಾಮಾನ್ಯರ ಮನೆಯ ಅಂಗಳಕ್ಕೆ ಬಂದು ನಿಲ್ಲಲು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಕಾಯಬೇಕಾಯಿತು.

ಅಮೆರಿಕದ ಕೊಡಾಕ್ ಕಂಪೆನಿಯು ಹವ್ಯಾಸಿಗಳಿಗಾಗಿ ೧೬ ಮಿಲಿಮೀಟರ್ ಅಗಲದ ಚಲನಚಿತ್ರ ಫಿಲ್ಮನ್ನು ೧೯೨೩ರಲ್ಲಿಯೂ, ಇನ್ನೂ ಅಗ್ಗವಾದ ೮ ಮಿಲಿಮೀಟರ್ ಫಿಲ್ಮನ್ನು ೧೯೩೨ರಲ್ಲಿಯೂ ಹೊರತಂದಿತು. ಅವು ನಮ್ಮ ದೇಶದಲ್ಲಿ ಕೆಲವೇ ಸಿರಿವಂತರ ವಿನೋದವಾಗಿ ಉಳಿದವು. ಜಪಾನಿನ ಜೆವಿಸಿ ಕಂಪೆನಿಯು ೧೯೭೬ರಲ್ಲಿ ವಿ.ಎಚ್.ಎಸ್. ಎಂಬ ಪದ್ಧತಿಯ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದಮೇಲೆ ಪರಿಸ್ಥಿತಿ ಬದಲಾಯಿತು. ಅರ್ಧ ಅಂಗುಲ ಅಗಲದ ಕಾಂತೀಯ ಪಟ್ಟಿಯ ಮೇಲೆ ಚಿತ್ರವೂ ದನಿಯೂ ಒಟ್ಟಿಗೆ ದಾಖಲಾಗುತ್ತಿದ್ದವು. ಫಿಲ್ಮನ್ನು ತೊಳೆಯುವ ತೊಡಕಿಲ್ಲ, ಕತ್ತಲೆ ಕೋಣೆಯ ಅಗತ್ಯವಿಲ್ಲ. ಹಗಲು ಹಿಡಿದ ಚಿತ್ರವನ್ನು ಅದೇ ಸಂಜೆ ಟೆಲಿವಿಷನ್ನಿನಲ್ಲಿ ನೋಡಬಹುದಾಗಿತ್ತು.

ಕರ್ನಾಟಕದ ಮದುವೆಯ ಮನೆಗಳಿಗೆ 'ವಿಡಿಯೊದವರು' ಎಂಬ ಹೊಸ ಅತಿಥಿಗಳು ಬಂದದ್ದು ಹೀಗೆ. ಒಬ್ಬನ ಹೆಗಲ ಮೇಲೆ ಕ್ಯಾಮರಾ, ಇನ್ನೊಬ್ಬನ ಕೈಯಲ್ಲಿ ಕಣ್ಣು ಕುಕ್ಕುವ ದೀಪ, ಅವರಿಬ್ಬರ ಹಿಂದೆ ಹಾವಿನಂತೆ ಹರಿದುಬರುವ ತಂತಿ. ಆ ದೀಪವು ತಿರುಗಿದ ಕಡೆಗೆ ಮಕ್ಕಳ ಹಿಂಡು ಓಡುತ್ತಿತ್ತು. ಹರಟೆಯಲ್ಲಿ ಮುಳುಗಿದ್ದ ಹಿರಿಯರು ಬೆಳಕು ಬಿದ್ದೊಡನೆ ಸೆಟೆದು ಕುಳಿತು, ಛಾಯಾಚಿತ್ರಕ್ಕೆಂಬಂತೆ ಉಸಿರು ಬಿಗಿಹಿಡಿಯುತ್ತಿದ್ದರು. 'ಅಲುಗಾಡಿ, ಏನಾದರೂ ಮಾತನಾಡಿ' ಎಂದು ಕ್ಯಾಮರಾದವನು ಎಷ್ಟು ಕೇಳಿಕೊಂಡರೂ ಅವರು ಅಲುಗಾಡುತ್ತಿರಲಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿಯೂ ಅಂಥ ಒಂದು ಕ್ಯಾಸೆಟ್ಟು ಇದ್ದಿತು. ದೊಡ್ಡಪ್ಪನವರ ಒಬ್ಬಳೇ ಮಗಳ ಮದುವೆ ೧೯೯೩ರ ಬೇಸಗೆಯಲ್ಲಿ ಮನೆಯ ಅಂಗಳದಲ್ಲಿಯೇ ನಡೆದಿತ್ತು. ಮೂರು ಗಂಟೆಗಳ ಕ್ಯಾಸೆಟ್ಟು. ೨೫೦ ಮೀಟರಿಗೂ ಉದ್ದವಾದ ಪಟ್ಟಿ. ಅದನ್ನು ಮೊದಲ ವರ್ಷ ಊರಿನವರೆಲ್ಲ ಬಂದು ನೋಡಿದರು. ಎರಡನೆಯ ವರ್ಷ ನೆಂಟರು ನೋಡಿದರು. ಅನಂತರ ಅದು ಪೆಟ್ಟಿಗೆಯನ್ನು ಸೇರಿತು. ಮದುವೆಯಾದ ಅಕ್ಕ ಗಂಡನೊಡನೆ ಅಮೆರಿಕಕ್ಕೆ ಹೋದಳು. ೧೯೯೮ರಲ್ಲಿ ದೊಡ್ಡಪ್ಪ ತೀರಿಕೊಂಡರು. ಕ್ಯಾಸೆಟ್ಟನ್ನು ಆಡಿಸುವ ಯಂತ್ರವು ಕೆಟ್ಟಿತು; ಪೇಟೆಯಲ್ಲಿ ಅದನ್ನು ರಿಪೇರಿ ಮಾಡುವವರೂ ಅಂಗಡಿ ಮುಚ್ಚಿದರು.

ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಆಗುಂಬೆಯ ಸೀಮೆಯಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣದು. ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಪಟ್ಟಿಯ ಅಂಚಿನಲ್ಲಿಯೂ ಬೂದಿ ಚೆಲ್ಲಿದಂತೆ ಬೂಷ್ಟಿನ ಗೆರೆಗಳು ಎದ್ದವು. ಹಾಗೆಯೇ ಯಂತ್ರಕ್ಕೆ ಹಾಕಿದರೆ ಆ ಬೂಷ್ಟು ಯಂತ್ರಕ್ಕೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ.

ದೊಡ್ಡಪ್ಪನವರಿಗೆ ಛಾಯಾಚಿತ್ರವೆಂದರೆ ಸಂಕೋಚ. ಗೋಡೆಯ ಮೇಲಿನ ಅವರ ಒಂದೇ ಚಿತ್ರವು ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಅದು ಅವರಂತೆ ಇಲ್ಲವೆಂದು ನೋಡಿದವರೆಲ್ಲ ಹೇಳುತ್ತಿದ್ದರು. ಮದುವೆಯ ದಿನವೂ ಅವರು ಕ್ಯಾಮರಾಕ್ಕೆ ಸಿಕ್ಕದೆ ಅಡುಗೆಯ ಮನೆಗೂ ಚಪ್ಪರಕ್ಕೂ ಓಡಾಡುತ್ತಿದ್ದರು. ಧಾರೆಯ ಹೊತ್ತಿನಲ್ಲಿ ಅವರು ಕಾಣಿಸುತ್ತಾರಾದರೂ ವಿಡಿಯೊದವರು ಅಲ್ಲಿ ಮೂಲದ ದನಿಯನ್ನು ಅಳಿಸಿ ಚಲನಚಿತ್ರದ ಹಾಡನ್ನು ತುಂಬಿದ್ದರು. ಊಟದ ಪಂಕ್ತಿಯ ದೃಶ್ಯದಲ್ಲಿ ಮಾತ್ರ, ಬಹುಶಃ ಹಾಡು ತುಂಬುವ ಉತ್ಸಾಹ ಮುಗಿದಿದ್ದುದರಿಂದ, ಆ ದಿನದ ದನಿ ಹಾಗೆಯೇ ಉಳಿದಿತ್ತು. ಅಲ್ಲಿ ದೊಡ್ಡಪ್ಪ ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಳ್ಳುತ್ತ ಚಪ್ಪರದ ಒಂದು ಕಡೆಯಿಂದ ಬಂದು, 'ಎಲ್ಲರಿಗೂ ಬಾಳೆ ಹಾಕಿ ಆಯ್ತೇನು?' ಎಂದು ಗಟ್ಟಿಯಾಗಿ ಕೇಳಿ, ಇನ್ನೊಂದು ಕಡೆಗೆ ಹೋಗುತ್ತಾರೆ. ಒಟ್ಟು ಎಂಟು ಸೆಕೆಂಡು. ಅವರ ದನಿಯಾಗಿ ಈ ಭೂಮಿಯ ಮೇಲೆ ಉಳಿದಿದ್ದುದು ಅಷ್ಟೆ.

ಆ ಎಂಟು ಸೆಕೆಂಡಿನ ವಿಷಯ ಉಳಿದವರಿಗೆಲ್ಲ ಮರೆತಿತ್ತು; ದೊಡ್ಡಮ್ಮನಿಗೆ ಮರೆತಿರಲಿಲ್ಲ. ೨೦೦೫ರಲ್ಲಿ ಅಕ್ಕ ಊರಿಗೆ ಬಂದಾಗ ತಾಯಿಗೆಂದು ಒಂದು ಡಿವಿಡಿ ಪ್ಲೇಯರನ್ನು ಕೊಡಿಸಿ ಹೋಗಿದ್ದಳು. ದೊಡ್ಡಮ್ಮ ಅದರ ರಿಮೋಟಿನಲ್ಲಿ ನಾಲ್ಕಾರು ಗುಂಡಿಗಳನ್ನು ಕಲಿತು, ಯಕ್ಷಗಾನದ ಸೀಡಿಗಳನ್ನು ತಾವೇ ಹಾಕಿಕೊಂಡು ನೋಡುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಆ ಕ್ಯಾಸೆಟ್ಟನ್ನು ಕೈಗಿತ್ತು, 'ಇದನ್ನು ಈ ಪೆಟ್ಟಿಗೆಯಲ್ಲಿ ಬರುವ ಹಾಗೆ ಮಾಡಲಿಕ್ಕೆ ಆಗುತ್ತದೆಯೇ ನೋಡು ಮಾರಾಯ. ಕಂಪ್ಯೂಟರೆಲ್ಲ ನನಗೆ ಬೇಡ. ನಾನೇ ಹಾಕಿಕೊಂಡು ನಾನೇ ನೋಡುವ ಹಾಗಿರಬೇಕು' ಎಂದರು.

ಮೊದಲು ಅದನ್ನು ಪೇಟೆಯ ಒಂದು ಸ್ಟುಡಿಯೊಗೆ ಕೊಟ್ಟೆವು. ಅವರು ವಾರದೊಳಗೆ ಸೀಡಿಯೊಂದನ್ನು ಮಾಡಿಕೊಟ್ಟರು. ಅದು ವಿಡಿಯೊ ಸೀಡಿ ಎಂಬ ಬಗೆಯದು. ೧೯೯೩ರಲ್ಲಿ ರೂಪುಗೊಂಡ ಪದ್ಧತಿ. ಒಂದು ವಿಡಿಯೊ ಸೀಡಿಯಲ್ಲಿ ೭೪ರಿಂದ ೮೦ ನಿಮಿಷಗಳ ಚಿತ್ರ ಮಾತ್ರ ಹಿಡಿಸುತ್ತದೆ. ಮೂರು ಗಂಟೆಯನ್ನು ಅದರಲ್ಲಿ ತುಂಬಲು ಸ್ಟುಡಿಯೊದವರು 'ಬೇಡವಾದುದನ್ನು' ಕತ್ತರಿಸಿದ್ದರು. ಮುಹೂರ್ತ ಇತ್ತು, ಉಡುಗೊರೆ ಕೊಡುವವರ ಸಾಲು ಇತ್ತು, ಹಾಡುಗಳೂ ಇದ್ದವು. ಊಟದ ಪಂಕ್ತಿ ಇರಲಿಲ್ಲ. ಅವರನ್ನು ದೂರುವಂತಿಲ್ಲ. ಉಣ್ಣುವವರ ಚಿತ್ರವನ್ನು ಯಾರು ನೋಡುತ್ತಾರೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ದೊಡ್ಡಮ್ಮ ಆ ಸೀಡಿಯನ್ನು ಕೊನೆಯವರೆಗೂ ನೋಡಿ, ಏನೂ ಹೇಳದೆ ಟಿ.ವಿ. ಆರಿಸಿ ಒಳಗೆ ಹೋದರು.

ಆ ಕೆಲಸವನ್ನು ನಾನೇ ಮಾಡಬೇಕೆಂದು ಆಗ ನಿಶ್ಚಯಿಸಿದೆ. ಮುಂದಿನ ಬೇಸಗೆಯ ರಜೆಯಲ್ಲಿ, ಹವೆ ಒಣಗಿದ್ದಾಗ, ಕ್ಯಾಸೆಟ್ಟಿನ ಐದು ತಿರುಪುಗಳನ್ನು ಬಿಚ್ಚಿ, ಪಟ್ಟಿಯನ್ನು ಮೆತ್ತನೆಯ ಬಟ್ಟೆಯಿಂದ ತಾಳ್ಮೆಯಾಗಿ ಒರೆಸಿ, ಸ್ನೇಹಿತರೊಬ್ಬರಿಂದ ಎರವಲು ತಂದ ಯಂತ್ರಕ್ಕೆ ಹಾಕಿದೆ. ಯಂತ್ರದಿಂದ ಹೊರಟ ಮೂರು ತಂತಿಗಳು, ಚಿತ್ರಕ್ಕೆ ಹಳದಿಯದು, ದನಿಗೆ ಕೆಂಪು ಮತ್ತು ಬಿಳಿಯವು, ಒಂದು ಚಿಕ್ಕ ಪೆಟ್ಟಿಗೆಯ ಮೂಲಕ ಕಂಪ್ಯೂಟರನ್ನು ಸೇರುತ್ತಿದ್ದವು. ಕ್ಯಾಸೆಟ್ಟಿನಲ್ಲಿರುವುದು ಏರಿಳಿಯುವ ಅಲೆ. ಕಂಪ್ಯೂಟರಿಗೆ ಬೇಕಾದುದು ಅಂಕಿ. ಆ ಚಿಕ್ಕ ಪೆಟ್ಟಿಗೆಯು ಅಲೆಯನ್ನು ಕ್ಷಣಕ್ಷಣವೂ ಅಳೆದು ಅಂಕಿಯಾಗಿ ಮಾಡಿಕೊಡುತ್ತದೆ.

ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಕಂಪ್ಯೂಟರಿನಲ್ಲಿ ಒಂದು ಪುಸ್ತಕವನ್ನು ಕ್ಷಣಮಾತ್ರದಲ್ಲಿ ನಕಲು ಮಾಡಬಹುದು. ಆದರೆ ಕ್ಯಾಸೆಟ್ಟು ತಾನು ಓಡುವ ವೇಗದಲ್ಲಿಯೇ ಓಡಬೇಕು. ಮೂರು ಗಂಟೆಯ ಮದುವೆಗೆ ಮೂರು ಗಂಟೆಯೇ ಬೇಕು. ನಾನು ಪಕ್ಕದಲ್ಲಿ ಕುಳಿತು ಆ ಮೂರು ಗಂಟೆಗಳನ್ನೂ ನೋಡಿದೆ. ಅಜ್ಜಿ ಹಸೆಗೆ ಕರೆಯುವ ಹಾಡನ್ನು ಹೇಳುವಾಗ ಅವರ ತುಟಿ ಅಲುಗುವುದು ಕಾಣುತ್ತಿತ್ತು. ಕೇಳುತ್ತಿದ್ದುದು ಚಲನಚಿತ್ರದ ಗೀತೆ. ಹೀಗೆ ಕಳೆದುಹೋದುದನ್ನು ಯಾವ ಯಂತ್ರವೂ ಮರಳಿಸಿಕೊಡಲಾರದು. ಊಟದ ಪಂಕ್ತಿ ಬಂದಿತು. ಪಟ್ಟಿಯ ಆ ಭಾಗದಲ್ಲಿ ಬಿಳಿಯ ಗೆರೆಗಳು ಮಿನುಗುತ್ತಿದ್ದರೂ ದೊಡ್ಡಪ್ಪ ಬಂದರು, ಕೇಳಿದರು, ಹೋದರು.

ಇನ್ನು ಇದನ್ನು ತಟ್ಟೆಯೊಳಗೆ ಅಡಗಿಸುವ ಬಗೆ. ನಮ್ಮ ದೇಶದ ಟೆಲಿವಿಷನ್ ಪದ್ಧತಿಯಂತೆ ಡಿವಿಡಿಯ ಒಂದು ಚಿತ್ರದಲ್ಲಿ ಅಡ್ಡಕ್ಕೆ ೭೨೦, ಉದ್ದಕ್ಕೆ ೫೭೬ ಚುಕ್ಕೆಗಳು. ಇಂಥ ೨೫ ಚಿತ್ರಗಳು ಒಂದು ಸೆಕೆಂಡಿನಲ್ಲಿ ಹಾದುಹೋಗುತ್ತವೆ. ಲೆಕ್ಕ ಹಾಕಿ ನೋಡಿರಿ: ಸೆಕೆಂಡಿಗೆ ಒಂದು ಕೋಟಿಗೂ ಮಿಕ್ಕಿ ಚುಕ್ಕೆಗಳಾದವು. ಸಾಧಾರಣ ಡಿವಿಡಿ ತಟ್ಟೆಯಲ್ಲಿ ೪೭೦ ಕೋಟಿ ಬೈಟುಗಳಿಗೆ ಸ್ಥಳವುಂಟು. ಒಂದೊಂದು ಚುಕ್ಕೆಯ ಬಣ್ಣಕ್ಕೂ ಮೂರು ಬೈಟುಗಳಂತೆ ಬರೆಯುತ್ತ ಹೋದರೆ ಎರಡೂವರೆ ನಿಮಿಷದಲ್ಲಿಯೇ ತಟ್ಟೆ ತುಂಬಿಹೋಗುತ್ತದೆ! ಹಾಗಾದರೆ ಅದೇ ತಟ್ಟೆಯಲ್ಲಿ ಎರಡು ಗಂಟೆಯ ಚಿತ್ರ ಹಿಡಿಸುವುದು ಹೇಗೆ?

ಇದರ ಗುಟ್ಟು ಎಂಪೆಗ್–೨ ಎಂಬ ಅಡಕಗೊಳಿಸುವ ಕ್ರಮದಲ್ಲಿದೆ. ಯಾರಾದರೂ ನಿಮಗೆ ಒಂದು ಘಟನೆಯನ್ನು ವರ್ಣಿಸುತ್ತಿದ್ದಾರೆಂದು ಭಾವಿಸಿರಿ. ಅವರು ಒಮ್ಮೆ ಅಂಗಳ, ಚಪ್ಪರ, ಕಂಬ, ಜನ ಎಲ್ಲವನ್ನೂ ಹೇಳುತ್ತಾರೆ. ಅನಂತರ 'ಅವನು ಎದ್ದ', 'ಇವಳು ತಿರುಗಿದಳು' ಎಂದು ಬದಲಾದುದನ್ನು ಮಾತ್ರ ಹೇಳುತ್ತಾರೆ. ಕಂಬವನ್ನು ಮತ್ತೆ ಮತ್ತೆ ವರ್ಣಿಸುವುದಿಲ್ಲ. ಎಂಪೆಗ್ ಮಾಡುವುದೂ ಇದನ್ನೇ. ಸುಮಾರು ಅರ್ಧ ಸೆಕೆಂಡಿಗೊಮ್ಮೆ ಅದು ಒಂದು ಪೂರ್ಣಚಿತ್ರವನ್ನು ಬರೆಯುತ್ತದೆ. ನಡುವಿನ ಚಿತ್ರಗಳಲ್ಲಿ ಬದಲಾವಣೆಗಳನ್ನು ಮಾತ್ರ ಬರೆಯುತ್ತದೆ. ಇದಲ್ಲದೆ, ಮನುಷ್ಯನ ಕಣ್ಣು ಗಮನಿಸಲಾರದ ಸೂಕ್ಷ್ಮ ಭೇದಗಳನ್ನು ಬಿಟ್ಟೂ ಬಿಡುತ್ತದೆ.

ಹಳೆಯ ಕ್ಯಾಸೆಟ್ಟಿನಲ್ಲಿ ಒಂದು ತೊಡಕುಂಟು. ಅದರ ಚಿತ್ರದ ತುಂಬ ಹಿಮ ಉದುರುವಂತೆ ಬಿಳಿಯ ಚುಕ್ಕೆಗಳು ಸದಾ ಅಲುಗುತ್ತಿರುತ್ತವೆ. ಯಂತ್ರಕ್ಕೆ ಅವೂ ಬದಲಾವಣೆಗಳೇ. ಆದ್ದರಿಂದ ಹೊಸ ಚಿತ್ರಕ್ಕಿಂತ ಹಳೆಯ, ಮಾಸಿದ ಚಿತ್ರಕ್ಕೆ ಹೆಚ್ಚು ಸ್ಥಳ ಬೇಕಾಗುತ್ತದೆ. ಸ್ಥಳವನ್ನು ಉಳಿಸಲು ಹೋದರೆ ಮುಖಗಳು ಚೌಕ ಚೌಕವಾಗಿ ಒಡೆದು ಕಾಣುತ್ತವೆ. ನಾನು ಮೂರು ಗಂಟೆಯನ್ನು ಒಂದೇ ತಟ್ಟೆಯಲ್ಲಿ ಒತ್ತಿ ತುಂಬದೆ ಎರಡು ತಟ್ಟೆಗಳಿಗೆ ಹಂಚಿದೆ. ಒಂದು ದೃಶ್ಯವನ್ನೂ ಬಿಡಲಿಲ್ಲ. ವಿದ್ಯುತ್ತು ಹೋಗಿ ಬರಿಯ ಕತ್ತಲೆ ಬಂದಿದ್ದ ಭಾಗವನ್ನೂ ಬಿಡಲಿಲ್ಲ. ಆ ಕತ್ತಲೆಯಲ್ಲಿ ಯಾರೋ 'ಗ್ಯಾಸ್‌ಲೈಟ್ ತನ್ನಿ' ಎಂದು ಕೂಗುವುದು ಕೇಳಿಸುತ್ತದೆ. ಇಂದು ಬೇಡವೆನ್ನಿಸಿದ್ದು ನಾಳೆ ಯಾರಿಗೆ ಬೇಕಾದೀತೆಂದು ಹೇಳಬಲ್ಲವರಾರು?

ಚಿತ್ರವು ಕಂಪ್ಯೂಟರಿನಲ್ಲಿ ಸಿದ್ಧವಾದ ಮಾತ್ರಕ್ಕೆ ದೊಡ್ಡಮ್ಮನ ಪ್ಲೇಯರಿನಲ್ಲಿ ಓಡುತ್ತದೆಂದು ತಿಳಿಯಬಾರದು. ಕಂಪ್ಯೂಟರು ಹೊಸಕಾಲದ ಹುಡುಗನಂತೆ; ಏನನ್ನು ಹೇಗೆ ಬಡಿಸಿದರೂ ಉಣ್ಣುತ್ತದೆ, ತಿಳಿಯದುದನ್ನು ಕೇಳಿ ಕಲಿಯುತ್ತದೆ. ಟಿ.ವಿ.ಯ ಕೆಳಗೆ ಒಂಟಿಯಾಗಿ ಕುಳಿತಿರುವ ಡಿವಿಡಿ ಪ್ಲೇಯರು ಹಾಗಲ್ಲ. ಅದು ಮಡಿವಂತರಾದ ಹಳೆಯ ಕಾಲದ ಅತಿಥಿ. ಬಾಳೆಯ ತುದಿ ಎಡಗಡೆಗೆ ಇರಬೇಕು, ಉಪ್ಪು ತನ್ನ ಮೂಲೆಯಲ್ಲಿರಬೇಕು, ಪಾಯಸ ತನ್ನ ಸರದಿಗೆ ಬರಬೇಕು. ಕ್ರಮ ತಪ್ಪಿದರೆ ಕೈ ತೊಳೆದು ಏಳುತ್ತಾರೆ.

ಪ್ಲೇಯರು ಕೇಳುವ ಕ್ರಮ ಇಂಥದು. ತಟ್ಟೆಯಲ್ಲಿ 'ವಿಡಿಯೊ ಟಿಎಸ್' ಎಂಬ ಹೆಸರಿನ ಒಂದು ಕೋಶವಿರಬೇಕು. ಅದರೊಳಗೆ ಚಿತ್ರವನ್ನೂ ದನಿಯನ್ನೂ ಹೆಣೆದ ಕಟ್ಟುಗಳಿರಬೇಕು. ಯಾವ ಕಟ್ಟು ಎಲ್ಲಿದೆ, ಯಾವುದರ ಅನಂತರ ಯಾವುದು ಎಂದು ತಿಳಿಸುವ ಪರಿವಿಡಿಯ ಕಡತಗಳೂ ಇರಬೇಕು. ದನಿಯನ್ನು ಸೆಕೆಂಡಿಗೆ ೪೮,೦೦೦ ಸಲ ಅಳೆದಿರಬೇಕು. ಸಂಗೀತದ ಸೀಡಿಯಲ್ಲಿರುವಂತೆ ೪೪,೧೦೦ ಸಲ ಅಳೆದದ್ದು ಇಲ್ಲಿ ಸಲ್ಲದು. ಚಿತ್ರದ ಕಡತವನ್ನು ಸುಮ್ಮನೆ ತಟ್ಟೆಗೆ ನಕಲು ಮಾಡಿಕೊಟ್ಟರೆ ಕಂಪ್ಯೂಟರು ತೋರಿಸೀತು. ಹಳೆಯ ಪ್ಲೇಯರು ಮಾತ್ರ 'ತಟ್ಟೆ ಸರಿಯಿಲ್ಲ' ಎಂದು ಹೇಳಿ ಸುಮ್ಮನಾಗುತ್ತದೆ. ಮನೆಯಲ್ಲಿ ಮಾಡಿದ ಎಷ್ಟೋ ತಟ್ಟೆಗಳು ನೆಂಟರ ಮನೆಯಲ್ಲಿ ಓಡದೆ ಹೋಗುವುದಕ್ಕೆ ಇದು ಒಂದು ಕಾರಣ.

ಈ ಕ್ರಮದಿಂದ ಒಂದು ಸೌಕರ್ಯವೂ ಉಂಟು. ಪುಸ್ತಕಕ್ಕೆ ಅಧ್ಯಾಯಗಳಿರುವಂತೆ ಡಿವಿಡಿಗೂ ಅಧ್ಯಾಯಗಳನ್ನು ಮಾಡಬಹುದು. ರಿಮೋಟಿನಲ್ಲಿ ಅಧ್ಯಾಯದ ಸಂಖ್ಯೆಯನ್ನು ಒತ್ತಿದರೆ ನೇರವಾಗಿ ಅಲ್ಲಿಗೆ ಹೋಗಬಹುದು. ಕ್ಯಾಸೆಟ್ಟಿನಂತೆ ಮುಂದಕ್ಕೂ ಹಿಂದಕ್ಕೂ ಸುತ್ತುತ್ತ ಕೂರಬೇಕಾಗಿಲ್ಲ. ನಾನು ಮದುವೆಯನ್ನು ಅಧ್ಯಾಯಗಳಾಗಿ ವಿಂಗಡಿಸಿದೆ. ಎರಡನೆಯ ತಟ್ಟೆಯ ನಾಲ್ಕನೆಯ ಅಧ್ಯಾಯವು ದೊಡ್ಡಪ್ಪ ಚಪ್ಪರಕ್ಕೆ ಕಾಲಿಡುವುದಕ್ಕೆ ಸ್ವಲ್ಪ ಮೊದಲು ತೊಡಗುವಂತೆ ಮಾಡಿದೆ.

ಕೊನೆಯದು, ತಟ್ಟೆಯನ್ನು ಬರೆಯುವ ಕೆಲಸ. ಇದಕ್ಕೆ ಎಲ್ಲರೂ 'ಬರ್ನ್ ಮಾಡುವುದು', ಎಂದರೆ ಸುಡುವುದು, ಎನ್ನುತ್ತಾರೆ. ಅಂಗಡಿಯಲ್ಲಿ ಮಾರುವ ಚಲನಚಿತ್ರದ ತಟ್ಟೆಗಳನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡುತ್ತಾರೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ. ಮನೆಯಲ್ಲಿ ಬರೆಯುವ ತಟ್ಟೆಯೊಳಗೆ ಸಾವಯವ ಬಣ್ಣದ ತೆಳುವಾದ ಒಂದು ಪದರವಿರುತ್ತದೆ. ಕೆಂಪು ಲೇಸರ್ ಕಿರಣವು ಆ ಪದರವನ್ನು ಅಲ್ಲಲ್ಲಿ ಕಾಯಿಸಿ ಬದಲಾಯಿಸುತ್ತದೆ. ಸುಟ್ಟ ಜಾಗವು ಬೆಳಕನ್ನು ಕಡಿಮೆ ಹಿಂದಿರುಗಿಸುತ್ತದೆ. ಸುಡದ ಜಾಗವು ಹೆಚ್ಚು ಹಿಂದಿರುಗಿಸುತ್ತದೆ. ಪ್ಲೇಯರು ಓದುವುದು ಬೆಳಕಿನ ಈ ಏರಿಳಿತವನ್ನು.

ಬರೆವಣಿಗೆಯು ತಟ್ಟೆಯ ಒಳಸುತ್ತಿನಿಂದ ಆರಂಭವಾಗಿ ಚಕ್ಕುಲಿಯಂತೆ ಸುತ್ತುತ್ತ ಹೊರಗೆ ಹೋಗುತ್ತದೆ. ಒಂದು ಮಿಲಿಮೀಟರ್ ಅಗಲದಲ್ಲಿ ಸುಮಾರು ೧೩೫೦ ಸುತ್ತುಗಳು. ೧೨ ಸೆಂಟಿಮೀಟರ್ ವ್ಯಾಸದ ಆ ತಟ್ಟೆಯ ದಾರಿಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು ೧೨ ಕಿಲೋಮೀಟರ್ ಆದೀತು. ನನ್ನ ಯಂತ್ರಕ್ಕೆ ವೇಗವಾಗಿ ಬರೆಯುವ ಶಕ್ತಿಯಿದ್ದರೂ ನಿಧಾನವಾಗಿಯೇ ಬರೆಯಿಸಿದೆ. ಬರೆದು ಮುಗಿದಮೇಲೆ ತಟ್ಟೆಗೆ 'ಇಲ್ಲಿಗೆ ಸಮಾಪ್ತಿ' ಎಂಬ ಗುರುತನ್ನು ಹಾಕಿಸಬೇಕು. ಮಂಗಳ ಹಾಡದೆ ಹರಿಕಥೆ ಹೇಗೆ ಮುಗಿಯದೋ ಹಾಗೆಯೇ ಈ ಗುರುತಿಲ್ಲದ ತಟ್ಟೆಯು ಪೂರ್ಣವಾಗದು. ಬರೆದ ಯಂತ್ರವೊಂದು ಅದನ್ನು ಓದೀತೇ ಹೊರತು ಬೇರೆ ಪ್ಲೇಯರುಗಳು ಓದಲಾರವು.

ನಾನು ಈ ಕೆಲಸದಲ್ಲಿದ್ದಾಗ ದೊಡ್ಡಮ್ಮ ಕಾಫಿ ತಂದಿಟ್ಟು, 'ಏನು ಮಾಡುತ್ತಿದ್ದೀಯ?' ಎಂದು ಕೇಳಿದರು. 'ತಟ್ಟೆಯನ್ನು ಸುಡುತ್ತಿದ್ದೇನೆ, ದೊಡ್ಡಮ್ಮ' ಎಂದೆ.

'ಸುಟ್ಟದ್ದು ಉಳಿಯುವುದುಂಟೇ ಮಾರಾಯ?' ಎಂದು ಅವರು ಗಾಬರಿಯಾದರು. ಬಳಿಕ ತಾವೇ ಸ್ವಲ್ಪ ಯೋಚಿಸಿ, 'ಹೌದು. ಮಡಕೆಯಲ್ಲಿ ನೀರು ನಿಲ್ಲುವುದೂ ಸುಟ್ಟ ಮೇಲೆಯೇ ಅಲ್ಲವೇ?' ಎಂದು ನಕ್ಕರು. ಲೇಸರಿನ ವಿಷಯವಾಗಿ ನಾನು ಓದಿದ್ದ ಯಾವ ವಿವರಣೆಯೂ ಇಷ್ಟು ಚೊಕ್ಕವಾಗಿರಲಿಲ್ಲ.

ಅಮೆರಿಕದ ಅಕ್ಕನಿಗೆ ಬೇರೆಯೇ ಪ್ರತಿಯನ್ನು ಮಾಡಬೇಕಾಯಿತು. ಭಾರತದ ಟೆಲಿವಿಷನ್ ಅನುಸರಿಸಿದ್ದು ಪಾಲ್ ಎಂಬ ಪದ್ಧತಿ. ಅದರಲ್ಲಿ ೬೨೫ ಗೆರೆಗಳು, ಸೆಕೆಂಡಿಗೆ ೨೫ ಚಿತ್ರಗಳು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ೫೨೫ ಗೆರೆಗಳು, ಸೆಕೆಂಡಿಗೆ ಸುಮಾರು ೩೦ ಚಿತ್ರಗಳು. ನಮ್ಮಲ್ಲಿ ಮಾರಾಟವಾಗುತ್ತಿದ್ದ ಪ್ಲೇಯರುಗಳಲ್ಲಿ ಹಲವು ಎರಡನ್ನೂ ಓಡಿಸುತ್ತಿದ್ದವು. ಅಲ್ಲಿಯ ಪ್ಲೇಯರುಗಳಲ್ಲಿ ಅನೇಕವು ನಮ್ಮ ತಟ್ಟೆಯನ್ನು ಒಪ್ಪುತ್ತಿರಲಿಲ್ಲ. ಹೀಗಾಗಿ ಅದೇ ಮದುವೆಯನ್ನು ಅಲ್ಲಿಯ ಅಳತೆಗೆ ಹೊಲಿದು ಕಳುಹಿಸಿದೆ. ತಾಯಿಗೂ ಮಗಳಿಗೂ ಅರ್ಥವಾಗುವ ಭಾಷೆ ಒಂದೇ. ಅವರ ಮನೆಯ ಯಂತ್ರಗಳ ಭಾಷೆ ಬೇರೆ ಬೇರೆ.

ತಟ್ಟೆಯ ನಡುವಿನ ರಂಧ್ರದ ಸುತ್ತ ಇರುವ ಖಾಲಿ ಜಾಗದಲ್ಲಿ 'ಊಟ' ಎಂದು ಬರೆದು ದೊಡ್ಡಮ್ಮನಿಗೆ ಕೊಟ್ಟೆ. ಅವರು ತಾವೇ ತಟ್ಟೆಯನ್ನು ಹಾಕಿ, ನಾಲ್ಕು ಎಂಬ ಗುಂಡಿಯನ್ನು ಒತ್ತಿ, ಚಾಪೆಯ ಮೇಲೆ ಕುಳಿತರು. ಸಾಲಾಗಿ ಕುಳಿತವರು ಕಾಣಿಸಿದರು. ನೀರು ಹಾಕುವ ಹುಡುಗರು ಕಾಣಿಸಿದರು. 'ಎಲ್ಲರಿಗೂ ಬಾಳೆ ಹಾಕಿ ಆಯ್ತೇನು?' ಎಂಬ ದನಿ ಆ ಮನೆಯಲ್ಲಿ ಎಂಟು ವರ್ಷಗಳ ಬಳಿಕ ಕೇಳಿಸಿತು. ದೊಡ್ಡಮ್ಮ ಮತ್ತೆ ನಾಲ್ಕನ್ನು ಒತ್ತಿದರು. ಮೂರನೆಯ ಸಲ ಅದೇ ದನಿ ಕೇಳಿಸಿದಾಗ ಅವರು, ನಾನು ಅಲ್ಲಿರುವುದನ್ನು ಮರೆತವರಂತೆ, 'ಆಯಿತು' ಎಂದರು. ನಾನು ಮೆಲ್ಲನೆ ಎದ್ದು ಜಗಲಿಗೆ ಬಂದೆ.

ಆ ಬಳಿಕ ಅವರು ಬದುಕಿದ್ದ ಹದಿಮೂರು ವರ್ಷಗಳಲ್ಲಿ ಆ ತಟ್ಟೆ ಎಷ್ಟು ಸಲ ತಿರುಗಿತೋ ಲೆಕ್ಕವಿಲ್ಲ. ಆದರೆ ತಟ್ಟೆಯೂ ಶಾಶ್ವತವಲ್ಲ. ಬಿಸಿಲು ಬಿದ್ದರೆ ಅದರ ಬಣ್ಣದ ಪದರ ಕೆಡುತ್ತದೆ. ಸೆಕೆ ಮತ್ತು ತೇವ ಅದಕ್ಕೆ ಆಗದು. ಅಂಟುಕಾಗದವನ್ನು ಹಚ್ಚಿದರೆ ತಿರುಗುವಾಗ ತೂಕ ಒಂದು ಕಡೆಗೆ ವಾಲುತ್ತದೆ. ಸೀಡಿಯ ಹೊಳೆಯುವ ಪದರವು ಹೆಸರು ಬರೆಯುವ ಬದಿಗೇ ಹತ್ತಿರವಾಗಿರುವುದರಿಂದ ಆ ಬದಿಯಲ್ಲಿ ಬಿದ್ದ ಗೀರು ಇನ್ನೂ ಅಪಾಯಕರ. ಡಿವಿಡಿಯಲ್ಲಿ ಆ ಪದರವು ಎರಡು ಹಾಳೆಗಳ ನಡುವೆ ಇರುತ್ತದೆ. ತಟ್ಟೆಯನ್ನು ಎಷ್ಟೇ ಜೋಪಾನ ಮಾಡಿದರೂ ಅದನ್ನು ಓದುವ ಯಂತ್ರ ಉಳಿಯಬೇಕಲ್ಲ! ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿಯು ೨೦೧೬ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಡಿವಿಡಿಯ ಅನಂತರ ಬಂದ ಬ್ಲೂ–ರೇ ಪದ್ಧತಿಯ ಬರೆಯಬಲ್ಲ ತಟ್ಟೆಗಳ ತಯಾರಿಕೆಯನ್ನು ಸೋನಿ ಕಂಪೆನಿಯು ೨೦೨೫ರಲ್ಲಿ ನಿಲ್ಲಿಸಿತು. ತಟ್ಟೆಯನ್ನು ಹಾಕುವ ಬಾಯಿಯೇ ಇಲ್ಲದ ಕಂಪ್ಯೂಟರುಗಳು ಈಗ ಸರ್ವಸಾಮಾನ್ಯ.

ಆದ್ದರಿಂದ ೨೦೧೭ರಲ್ಲಿ, ತಟ್ಟೆ ಇನ್ನೂ ಚೆನ್ನಾಗಿರುವಾಗಲೇ, ಅದರಲ್ಲಿದ್ದುದನ್ನು ಮತ್ತೆ ಪ್ರತಿ ಮಾಡಿದೆ. ಒಂದು ಪ್ರತಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಪ್ರತಿ ದೂರದ ಅಕ್ಕನ ಮನೆಯಲ್ಲಿ. ಕನಿಷ್ಠ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಮನೆಯಲ್ಲಿರಬೇಕು ಎಂಬುದು ಈ ಕೆಲಸವನ್ನು ಬಲ್ಲವರು ಪಾಲಿಸುವ ನಿಯಮ. ಅಂಕಿಗಳ ರೂಪದಲ್ಲಿರುವುದಕ್ಕೆ ಒಂದು ದೊಡ್ಡ ಗುಣವುಂಟು: ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದಾಗ ಪ್ರತಿ ಸಲವೂ ಚಿತ್ರ ಮಸುಕಾಗುತ್ತದೆ, ಅಂಕಿಗಳನ್ನು ಇದ್ದಂತೆಯೇ ಪ್ರತಿ ಮಾಡಿದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಅಕ್ಕನ ಮಗ ತಾನು ಕಾಣದ ಅಜ್ಜನ ದನಿಯನ್ನು ಈಗ ತನ್ನ ಫೋನಿನಲ್ಲಿ ಕೇಳುತ್ತಾನೆ.

ಉಳಿಸುವ ಈ ಉಪಾಯವನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು. ತಾಳೆಯ ಗರಿಗೆ ಹುಳು ಹಿಡಿಯುತ್ತದೆ, ತೇವದಲ್ಲಿ ಅದು ಕೊಳೆಯುತ್ತದೆ. ಗರಿಯು ಹಾಳಾಗುವ ಮೊದಲು ಅದರಲ್ಲಿದ್ದುದನ್ನು ಹೊಸ ಗರಿಗೆ ಇಳಿಸುವವರು ಇದ್ದುದರಿಂದಲೇ ಪಂಪ ರನ್ನರ ಕಾವ್ಯಗಳು ನಮ್ಮ ಕೈಸೇರಿದವು. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದಿದ್ದ ಧವಲಾ ಗ್ರಂಥಗಳು ಮೊದಲು ಪ್ರತಿಕಾರರ ಕೈಯಿಂದ ಹೊರಬಂದು, ಅನಂತರ ೧೯೩೯ರಿಂದ ಅಚ್ಚಾಗತೊಡಗಿದವು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ಕಥೆಯನ್ನು ನೀವು ಬಲ್ಲಿರಿ. ಪೊನ್ನನ ಶಾಂತಿಪುರಾಣವು ಕಳೆದುಹೋಗಬಾರದೆಂದು ಆಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಕಾವ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಓದುವವರ ಕೈಗೆ ಕೊಟ್ಟಳು. ಬೀಗ ಹಾಕಿದ್ದನ್ನು ಗೆದ್ದಲು ತಿಂದೀತು. ಸಾವಿರ ಮನೆಗಳಲ್ಲಿ ಹಂಚಿಹೋದುದನ್ನು ತಿನ್ನಬಲ್ಲ ಗೆದ್ದಲು ಎಲ್ಲಿದೆ?

ನಿಮ್ಮಲ್ಲಿ 'ನಮ್ಮ ಮನೆಯಲ್ಲಿ ಅಂಥದೇನೂ ಇಲ್ಲ' ಎನ್ನುವವರು ಇರಬಹುದು. ಕಪಾಟಿನ ಮೇಲೆ, ಅಟ್ಟದ ಪೆಟ್ಟಿಗೆಯಲ್ಲಿ ಒಮ್ಮೆ ಹುಡುಕಿ ನೋಡಿರಿ. ಧೂಳು ಹಿಡಿದ ಕ್ಯಾಸೆಟ್ಟೊಂದು, ಹೆಸರಿಲ್ಲದ ತಟ್ಟೆಯೊಂದು, ಒಡೆದ ಫೋನೊಂದು ಸಿಕ್ಕೀತು. ಅದರಲ್ಲಿರುವುದು ರಾಜಮಹಾರಾಜರ ಚರಿತ್ರೆಯಲ್ಲದಿರಬಹುದು. ಯಾರೋ ನೀರು ಸೇದುತ್ತಿರಬಹುದು, ಯಾರೋ ಮಗುವನ್ನು ಗದರಿಸುತ್ತಿರಬಹುದು. ಅದನ್ನು ಪ್ರತಿ ಮಾಡುವಾಗ ಯಾವುದನ್ನೂ ಕತ್ತರಿಸಬೇಡಿರಿ. ಯಾರಿಗಾಗಿ ಮಾಡುತ್ತೀರೋ ಅವರು ತಮ್ಮ ಕೈಯಿಂದಲೇ ಹಾಕಿ ನೋಡಬಲ್ಲ ರೂಪದಲ್ಲಿ ಅದನ್ನು ಮಾಡಿಕೊಡಿರಿ. ಅಜ್ಜನಿಗೆ ಪ್ಲೇಯರು ಒಗ್ಗಿದ್ದರೆ ತಟ್ಟೆಯಲ್ಲಿ ಕೊಡಿರಿ. ಫೋನು ಒಗ್ಗಿದ್ದರೆ ಫೋನಿನಲ್ಲಿ ಕೊಡಿರಿ. ನೋಡಬೇಕಾದವರಿಗೆ ತಲುಪದಿದ್ದರೆ ಉಳಿಸಿಯೂ ಉಳಿಸಿದಂತಾಗದು.

ಹಳೆಯ ಓಲೆಗರಿಯ ಪ್ರತಿಕಾರರಲ್ಲಿ ಒಂದು ವಾಡಿಕೆಯಿತ್ತು. ಗ್ರಂಥವನ್ನು ಬರೆದು ಮುಗಿಸಿದಮೇಲೆ ಕೊನೆಯ ಗರಿಯಲ್ಲಿ, ಇದನ್ನು ಯಾವಾಗ ಯಾರು ಬರೆದರೆಂಬುದನ್ನು ತಿಳಿಸಿ, ಕಷ್ಟಪಟ್ಟು ಬರೆದ ಇದನ್ನು ಜೋಪಾನವಾಗಿ ಕಾಪಾಡಿರಿ ಎಂದು ಮುಂದಿನವರನ್ನು ಬೇಡಿಕೊಳ್ಳುತ್ತಿದ್ದರು. ನಾನು ಮಾಡಿದ ಪ್ರತಿಗಳ ಜೊತೆಯಲ್ಲಿಯೂ ಒಂದು ಚೀಟಿ ಇದೆ: ೧೯೯೩ರ ಕ್ಯಾಸೆಟ್ಟಿನಿಂದ ೨೦೦೬ರಲ್ಲಿ ತಟ್ಟೆಗೆ, ತಟ್ಟೆಯಿಂದ ೨೦೧೭ರಲ್ಲಿ ಹಾರ್ಡ್ ಡಿಸ್ಕಿಗೆ. ಅದರ ಕೆಳಗಿನ ಗೆರೆಯನ್ನು ಖಾಲಿ ಬಿಟ್ಟಿದ್ದೇನೆ. ಮುಂದಿನ ಪ್ರತಿಯನ್ನು ಮಾಡುವವರು ಅಲ್ಲಿ ಇಸವಿಯನ್ನು ಬರೆಯಲಿ.